‘ಕ್ಲಾಸ್ 1’ ಅಂದರೆ ಒಂದು ಗಂಟೆ ಅಲ್ಲ: ಕಾಸರಗೋಡಿನ ಪಂಚಾಯತ್‌ಗಳಿಗೆ, ಸಭಾಂಗಣ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲೆಯ ಪಂಚಾಯತ್ ಅಧ್ಯಕ್ಷರು, ಕಾರ್ಯದರ್ಶಿಗಳು, ಇಂಜಿನಿಯರುಗಳು, ಓವರ್‌ಸಿಯರುಗಳು, ಹಾಗೆಯೇ ಶಾಲೆ, ದೇವಸ್ಥಾನ, ಮಸೀದಿ, ಇಗರ್ಜಿ ಮತ್ತು ಕಲ್ಯಾಣ ಮಂಟಪಗಳ ಆಡಳಿತ ಸಮಿತಿಯವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಕಾಸರಗೋಡು ತಾಲೂಕಿನಲ್ಲಿ ಪೇಂಟಿಂಗ್ ಕೆಲಸ ಮಾಡಿಸುವವನು. 22 ವರ್ಷದಿಂದ ಇದೇ ಕೆಲಸ. ಮನೆ, ಅಂಗಡಿ, ಶಾಲೆ, ಭಜನಾ ಮಂದಿರ, ಕಲ್ಯಾಣ ಮಂಟಪ, ಎಲ್ಲಕ್ಕೂ ಬಣ್ಣ ಬಳಿಸಿದ್ದೇನೆ. ಪತ್ರ ಬರೆದು ಅಭ್ಯಾಸವಿಲ್ಲ. ಆದರೆ ಈ ವಿಷಯ ಒಬ್ಬೊಬ್ಬರಿಗೆ ಹೇಳಿ ಮುಗಿಯುವಂಥದ್ದಲ್ಲ. ಹಾಗಾಗಿ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಜಾಗದ ಹೆಸರು ಬರೆಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಅಂಥ ಸಭಾಂಗಣ ಒಂದಲ್ಲ, ಹತ್ತಾರು ಇವೆ. ಮುರಕಲ್ಲಿನ ಗೋಡೆ, ಮೇಲೆ ಮಾಡು ಹೊರುವ ಕಬ್ಬಿಣದ ಚೌಕಟ್ಟು, ಅಂದರೆ ಟ್ರಸ್, ಅದಕ್ಕೆ ಶೀಟು, ಕೆಳಗೆ ಚಂದಕ್ಕೆ ಪಿವಿಸಿ ಸೀಲಿಂಗ್, ಸ್ಟೇಜಿನ ಹಿಂದೆ ಪ್ಲೈವುಡ್ ಪ್ಯಾನೆಲ್. ಏಳು ವರ್ಷದ ಹಿಂದೆ ಅದರ ಬಣ್ಣದ ಕೆಲಸ ನನಗೆ ಸಿಕ್ಕಿತ್ತು. ಕೊಟೇಶನ್‌ನಲ್ಲಿ ‘ಟ್ರಸ್ ಮತ್ತು ಪ್ಯಾನೆಲ್‌ಗೆ ಫೈರ್ ಪ್ರೂಫ್ ಪೇಂಟ್, ಎರಡು ಕೋಟು’ ಎಂದು ಇತ್ತು. ಡಬ್ಬಿ ಬಂತು, ಬಳಿಸಿದೆವು, ಬಿಲ್ ಪಾಸಾಯಿತು. ಡಬ್ಬಿಯ ಜೊತೆ ಇಂಗ್ಲಿಷಿನಲ್ಲಿ ಒಂದು ಸರ್ಟಿಫಿಕೇಟ್ ಇತ್ತು. ಅದರಲ್ಲಿ ದೊಡ್ಡ ಅಕ್ಷರದಲ್ಲಿ ‘ಕ್ಲಾಸ್ 1’ ಎಂದು ಕಾಣುತ್ತಿತ್ತು. ಸಮಿತಿಯ ಮೀಟಿಂಗಿನಲ್ಲಿ ಒಬ್ಬರು ಅದನ್ನು ಎತ್ತಿ ಹಿಡಿದು, ‘ಒಂದು ಗಂಟೆ ಬೆಂಕಿ ತಡೆಯುತ್ತದೆ, ಬರೆದು ಕೊಟ್ಟಿದ್ದಾರೆ’ ಎಂದರು. ಯಾರೂ ಪ್ರಶ್ನೆ ಕೇಳಲಿಲ್ಲ. ನಾನೂ ಅಲ್ಲೇ ಕುಳಿತಿದ್ದೆ, ನಾನೂ ತಲೆ ಆಡಿಸಿದೆ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಈ ವರ್ಷ ಮಾರ್ಚ್‌ನಲ್ಲಿ ಅಲ್ಲೊಂದು ಮದುವೆ. ಧಾರೆ ಮುಗಿದು ಜನ ಊಟಕ್ಕೆ ಎದ್ದಿದ್ದರು. ಸ್ಟೇಜಿನ ಮೇಲೆ ಥರ್ಮೋಕೋಲಿನ ಮಂಟಪ, ಅದಕ್ಕೆ ತೀರಾ ಹತ್ತಿರ ಒಂದು ಫೋಕಸ್ ಲೈಟ್. ಲೈಟಿನ ಬಿಸಿಗೆ ಥರ್ಮೋಕೋಲ್ ಮೊದಲು ಕುಗ್ಗಿತು, ಪಕ್ಕದ ಬಟ್ಟೆಗೆ ಕಿಡಿ ಹಿಡಿಯಿತು, ಮತ್ತೆ ಎಲ್ಲ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಥರ್ಮೋಕೋಲ್ ಉರಿಯುತ್ತಾ ಹನಿ ಹನಿಯಾಗಿ ಕೆಳಗೆ ಬೀಳುತ್ತಿತ್ತು, ಬಿದ್ದ ಕಡೆ ಕಾರ್ಪೆಟ್ ಹೊತ್ತುತ್ತಿತ್ತು. ಮೇಲಿನ ಪಿವಿಸಿ ಸೀಲಿಂಗ್ ಜೋತು ಬಿತ್ತು, ಆಮೇಲೆ ಪಟ್ಟಿ ಪಟ್ಟಿಯಾಗಿ ಕಳಚಿಕೊಂಡು ಬಂತು. ಕಪ್ಪು ಹೊಗೆ. ಗಂಟಲಿಗೆ ಖಾರದ ಹಾಗೆ ಹಿಡಿಯುವ ವಾಸನೆ. ನಾನು ಊಟದ ಹಾಲಿನಿಂದ ಓಡಿ ಬಂದಾಗ ಹುಡುಗರು ಅಡಿಗೆ ಕೊಟ್ಟಿಗೆಯಿಂದ ನೀರಿನ ಡ್ರಮ್ ಎಳೆದು ತರುತ್ತಿದ್ದರು. ಯಾರೋ ಒಬ್ಬರು ಮೊದಲೇ ಮೈನ್ ಆಫ್ ಮಾಡಿದ್ದರು. ಆರೇಳು ನಿಮಿಷದಲ್ಲಿ ಬೆಂಕಿ ಆರಿತು. ಅಡಿಗೆಯವರ ಕಡೆಯ ಒಬ್ಬ ಹುಡುಗನ ಕೈ ಸುಟ್ಟಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಅಜ್ಜಿ ಉಸಿರಾಡಲು ಕಷ್ಟವಾಗಿ ಎರಡು ದಿನ ಆಸ್ಪತ್ರೆಯಲ್ಲಿದ್ದರು. ಜೀವ ಹೋಗಲಿಲ್ಲ. ಅರ್ಧ ಗಂಟೆ ಮೊದಲು ಆಗಿದ್ದರೆ ಹಾಲ್ ತುಂಬ ಜನ ಇರುತ್ತಿದ್ದರು.

ನಾನು ಈ ಪತ್ರ ಬರೆಯಲು ಕಾರಣ ಆ ಬೆಂಕಿಗಿಂತ ಜಾಸ್ತಿ, ಅದರ ನಂತರ ನಡೆದ ಮೀಟಿಂಗ್. ಅಲ್ಲಿ ಹಲವರು, ‘ಟ್ರಸ್‌ಗೆ ಏನೂ ಆಗಲಿಲ್ಲ ನೋಡಿ, ಪೇಂಟ್ ಕಾಪಾಡಿತು’ ಎಂದರು. ಹಾಗಲ್ಲ. ಬೆಂಕಿ ಟ್ರಸ್ ಮುಟ್ಟುವ ಮೊದಲೇ ಹುಡುಗರು ಆರಿಸಿದ್ದರು. ಆ ಹುಡುಗರು ಕಾಪಾಡಿದ್ದು. ಪೇಂಟಿಗೆ ಆ ದಿನ ಕೆಲಸವೇ ಬೀಳಲಿಲ್ಲ.

ಮನೆಗೆ ಬಂದು ಹಳೇ ಫೈಲ್ ತೆಗೆದೆ. ಆ ಸರ್ಟಿಫಿಕೇಟನ್ನು ಮೊದಲ ಸಲ ಪೂರ್ತಿ ಓದಿದೆ, ಗೊತ್ತಾಗದ್ದನ್ನು ಗೊತ್ತಿದ್ದ ಇಂಜಿನಿಯರ್ ಒಬ್ಬರ ಹತ್ತಿರ ಕೂತು ಕೇಳಿ ತಿಳಿದುಕೊಂಡೆ. ‘ಕ್ಲಾಸ್ 1’ಕ್ಕೂ ಒಂದು ಗಂಟೆಗೂ ಸಂಬಂಧವೇ ಇಲ್ಲ. ಅದು ಮೇಲ್ಮೈಯಲ್ಲಿ ಜ್ವಾಲೆ ಎಷ್ಟು ಹರಡುತ್ತದೆ ಎಂಬುದರ ದರ್ಜೆ. ಅದೂ ಆ ಬಣ್ಣವನ್ನು 6 ಮಿಲಿಮೀಟರ್ ಸಿಮೆಂಟ್ ಬೋರ್ಡಿನ ಮೇಲೆ ಬಳಿದು ಪರೀಕ್ಷೆ ಮಾಡಿದ್ದರು. ಸಿಮೆಂಟ್ ಬೋರ್ಡ್ ಹೇಗೂ ಉರಿಯುವುದಿಲ್ಲ ಅಲ್ವಾ? ನಾವು ಬಳಿದದ್ದು ಪ್ಲೈವುಡ್ ಮೇಲೆ, ಕಬ್ಬಿಣದ ಮೇಲೆ. ಆ ಕಾಗದ ನಮ್ಮ ಸಭಾಂಗಣದ ಬಗ್ಗೆ ಒಂದಕ್ಷರವನ್ನೂ ಹೇಳುತ್ತಿರಲಿಲ್ಲ.

ಇದನ್ನು ಎಲ್ಲರೂ ತಿಳಿಯಬೇಕು. ಬೆಂಕಿಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಎರಡು, ಅವು ಬೇರೆ ಬೇರೆ. ಒಂದು, ಈ ವಸ್ತು ತಾನೇ ಹೊತ್ತಿಕೊಂಡು ಬೆಂಕಿಯನ್ನು ಹಬ್ಬಿಸುತ್ತದಾ? ಎರಡು, ಬೆಂಕಿ ಬಿದ್ದಾಗ ಈ ಗೋಡೆ, ಈ ಕಂಬ, ಈ ಬಾಗಿಲು ಎಷ್ಟು ಹೊತ್ತು ನಿಲ್ಲುತ್ತದೆ? ಮೊದಲನೆಯದಕ್ಕೆ ಉತ್ತರ ದರ್ಜೆಯಲ್ಲಿ ಬರುತ್ತದೆ, ಎರಡನೆಯದಕ್ಕೆ ನಿಮಿಷ ಅಥವಾ ಗಂಟೆಯಲ್ಲಿ ಬರುತ್ತದೆ. ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಬಾರದು.

ನಮ್ಮ ಅಜ್ಜನ ಮನೆಯ ಉದಾಹರಣೆ ಕೊಡುತ್ತೇನೆ. ಅಲ್ಲಿ ಹಲಸಿನ ಮರದ ದಪ್ಪ ತೊಲೆ ಇತ್ತು. ಮರ ಉರಿಯುವ ವಸ್ತು, ಮೊದಲನೇ ಪ್ರಶ್ನೆಯಲ್ಲಿ ಅದು ಫೇಲ್. ಆದರೆ ದಪ್ಪ ಮರ ಹೊರಗಿನಿಂದ ಒಳಗೆ ನಿಧಾನವಾಗಿ ಇದ್ದಿಲಾಗುತ್ತದೆ, ನಿಮಿಷಕ್ಕೆ ಸುಮಾರು ಅರ್ಧದಿಂದ ಮುಕ್ಕಾಲು ಮಿಲಿಮೀಟರಿನಷ್ಟು. ಒಳಗಿನ ತಿರುಳು ತುಂಬ ಹೊತ್ತು ಭಾರ ಹೊರುತ್ತದೆ. ಕಬ್ಬಿಣ ಹಾಗಲ್ಲ. ಅದು ಉರಿಯುವುದೇ ಇಲ್ಲ, ಮೊದಲನೇ ಪ್ರಶ್ನೆಯಲ್ಲಿ ಅದು ಫಸ್ಟ್ ಕ್ಲಾಸ್. ಆದರೆ ಸುಮಾರು 550 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅದರ ತಾಕತ್ತು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುವ ಪರೀಕ್ಷೆಯ ಕುಲುಮೆಯಲ್ಲಿ 5 ನಿಮಿಷಕ್ಕೇ ಬಿಸಿ 575 ಡಿಗ್ರಿ ದಾಟುತ್ತದೆ, ಅರ್ಧ ಗಂಟೆಗೆ 840, ಒಂದು ಗಂಟೆಗೆ 945 ಡಿಗ್ರಿಯ ಹತ್ತಿರ ಹೋಗುತ್ತದೆ. ನಮ್ಮ ಟ್ರಸ್‌ಗಳಿಗೆ ಹಾಕುವುದು ತೆಳು ಪೈಪು, ಅದು ಇನ್ನೂ ಬೇಗ ಕಾಯುತ್ತದೆ. ‘ಕಬ್ಬಿಣ ಅಲ್ವಾ, ಏನಾಗುತ್ತದೆ’ ಎಂಬ ಮಾತನ್ನು ನಾನು ನೂರು ಸಲ ಕೇಳಿದ್ದೇನೆ. ಅದು ಉರಿಯುವುದಿಲ್ಲ, ಬಗ್ಗುತ್ತದೆ. ಬಗ್ಗಿದರೆ ಶೀಟಿನ ಸಮೇತ ತಲೆಯ ಮೇಲೆ ಬರುತ್ತದೆ.

ಇನ್ನು ಬಣ್ಣಕ್ಕೆ ಬರುತ್ತೇನೆ. ಅಂಗಡಿಯಲ್ಲಿ ‘ಫೈರ್ ಪೇಂಟ್’ ಎಂದು ಕೇಳಿದರೆ ಮೂರು ನಾಲ್ಕು ಬಗೆಯವನ್ನು ಅದೇ ಹೆಸರಿನಲ್ಲಿ ಕೊಡುತ್ತಾರೆ. ಚಿಮಣಿ, ಸೈಲೆನ್ಸರ್‌ಗೆ ಬಳಿಯುವ ಬೆಳ್ಳಿ ಬಣ್ಣ ಒಂದು. ಅದು ಬಿಸಿಗೆ ತಾನು ಸುಲಿಯುವುದಿಲ್ಲ ಅಷ್ಟೇ, ಒಳಗಿನ ಕಬ್ಬಿಣವನ್ನು ಅದು ಬಿಸಿಯಿಂದ ಕಾಪಾಡುವುದಿಲ್ಲ. ಟೆರೇಸಿಗೆ ಬಳಿಯುವ ‘ಹೀಟ್ ಪ್ರೂಫ್’ ಬಿಳಿ ಬಣ್ಣ ಇನ್ನೊಂದು. ಅದು ಬಿಸಿಲನ್ನು ವಾಪಸ್ ಕಳಿಸುತ್ತದೆ, ಬೆಂಕಿಗೂ ಅದಕ್ಕೂ ಸಂಬಂಧ ಇಲ್ಲ. ಮೂರನೆಯದು ಮರ, ಪ್ಲೈವುಡ್ ಮೇಲೆ ಜ್ವಾಲೆ ಹಬ್ಬುವುದನ್ನು ನಿಧಾನ ಮಾಡುವ ಫೈರ್ ರಿಟಾರ್ಡೆಂಟ್ ಬಣ್ಣ. ಇದಕ್ಕೆ ಸಿಗುವುದು ದರ್ಜೆ. ನಾಲ್ಕನೆಯದು ಬೆಂಕಿಗೆ ಉಬ್ಬುವ ಬಣ್ಣ, ಇಂಟ್ಯುಮೆಸೆಂಟ್ ಅನ್ನುತ್ತಾರೆ. ಕಬ್ಬಿಣಕ್ಕೆ ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ ಎಂದು ಲೆಕ್ಕ ಕೊಡುವುದು ಇದಕ್ಕೆ.

ಈ ಉಬ್ಬುವ ಬಣ್ಣ ಕೆಲಸ ಮಾಡುವ ರೀತಿ ನೋಡಿದರೆ ಆಶ್ಚರ್ಯವಾಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಅಮೋನಿಯಂ ಪಾಲಿಫಾಸ್ಫೇಟ್, ಪೆಂಟಾಎರಿತ್ರಿಟಾಲ್, ಮೆಲಮಿನ್ ಎಂಬ ಮೂರು ಸಾಮಾನು ಇರುತ್ತವೆ. 200-250 ಡಿಗ್ರಿ ಬಿಸಿ ತಾಗಿದಾಗ ಒಂದು ಆಮ್ಲ ಕೊಡುತ್ತದೆ, ಇನ್ನೊಂದು ಇದ್ದಿಲಾಗುತ್ತದೆ, ಮತ್ತೊಂದು ಗಾಳಿ ಬಿಟ್ಟು ಅದನ್ನು ಉಬ್ಬಿಸುತ್ತದೆ. ಹಪ್ಪಳ ಕಾಯಿಸುವಾಗ ಉಬ್ಬುವುದಿಲ್ಲವಾ, ಹಾಗೆ. ಮಿಲಿಮೀಟರ್ ದಪ್ಪದ ಬಣ್ಣ ಹತ್ತಾರು ಪಟ್ಟು ಉಬ್ಬಿ ಕಬ್ಬಿಣಕ್ಕೆ ಕಂಬಳಿ ಹೊದೆಸಿದ ಹಾಗೆ ನಿಲ್ಲುತ್ತದೆ. ಬಿಸಿ ಒಳಗೆ ಹೋಗುವುದು ತಡವಾಗುತ್ತದೆ. ಅಷ್ಟರಲ್ಲಿ ಜನ ಹೊರಗೆ ಹೋಗಬಹುದು, ಅಗ್ನಿಶಾಮಕ ದಳದವರು ಒಳಗೆ ಬರಬಹುದು. ಉಪ್ಪಳದಿಂದಲೋ ಕಾಸರಗೋಡಿನಿಂದಲೋ ಗಾಡಿ ಹೊರಟು ನಮ್ಮ ಒಳ ಊರುಗಳ ಗುಡ್ಡದ ದಾರಿ ಹತ್ತಿ ಬರಲು ಎಷ್ಟು ಹೊತ್ತು ಬೇಕು ಎಂದು ನಿಮಗೆಲ್ಲ ಗೊತ್ತು. ನಮಗೆ ಆ ಅರ್ಧ ಗಂಟೆ, ಒಂದು ಗಂಟೆ ಕಾಗದದ ಲೆಕ್ಕ ಅಲ್ಲ.

ಆದರೆ ಇಷ್ಟೆಲ್ಲ ಆಗಬೇಕಾದರೆ ದಪ್ಪ ಬೇಕು. ಸಾಮಾನ್ಯ ಎನಾಮೆಲ್ ಎರಡು ಕೋಟು ಒಣಗಿದ ಮೇಲೆ ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಒಂದು ಗಂಟೆ ನಿಲ್ಲಬೇಕಾದರೆ ತೆಳು ಉಕ್ಕಿಗೆ ಉಬ್ಬುವ ಬಣ್ಣ ಒಣಗಿದ ಮೇಲೂ ಒಂದು ಮಿಲಿಮೀಟರಿಗಿಂತ ಜಾಸ್ತಿ ಬೇಕಾಗಬಹುದು. ಎಷ್ಟು ಬೇಕು ಎಂಬುದು ಪೈಪಿನ ದಪ್ಪ ಮತ್ತು ಸುತ್ತಳತೆ ನೋಡಿ ಕಂಪನಿಯ ಟೇಬಲಿನಲ್ಲಿ ಇರುತ್ತದೆ. ತೀರಾ ತೆಳು ಪೈಪು ಆ ಟೇಬಲಿನ ಹೊರಗೇ ಉಳಿಯುವುದೂ ಉಂಟು. ಆಗ ಪೈಪನ್ನೇ ಬದಲಿಸಬೇಕು, ಇಲ್ಲವೇ ಬೋರ್ಡು ಹೊದೆಸಬೇಕು. ‘ಎರಡು ಕೋಟು’ ಎಂದು ಬರೆದ ಕೊಟೇಶನ್‌ಗೆ ಬೆಂಕಿಯ ಮಟ್ಟಿಗೆ ಅರ್ಥವೇ ಇಲ್ಲ. ಮೈಕ್ರಾನ್‌ನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಬರೆಯಬೇಕು, ಒಣಗಿದ ಮೇಲೆ ಮೀಟರ್ ಇಟ್ಟು ಅಳೆಯಬೇಕು. ಒಣಗಿದ ಬಣ್ಣದ ದಪ್ಪ ಅಳೆಯುವ ಆ ಡಿಎಫ್‌ಟಿ ಮೀಟರ್ ಏನು ದೊಡ್ಡ ಸಾಮಾನಲ್ಲ, ಕೈಯಲ್ಲಿ ಹಿಡಿಯುವಷ್ಟೇ ಇರುತ್ತದೆ.

ನಮ್ಮ ಮಳೆಯನ್ನೂ ಮರೆಯಬಾರದು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ, ಜೂನ್‌ನಿಂದ ಗೋಡೆಯೇ ಬೆವರುತ್ತದೆ, ಜೊತೆಗೆ ಕಡಲ ಬದಿಯ ಉಪ್ಪು ಗಾಳಿ. ಉಬ್ಬುವ ಬಣ್ಣದ ಒಳಗಿನ ಉಪ್ಪುಗಳು ನೀರಿಗೆ ಕರಗುವ ಜಾತಿಯವು. ಮೇಲೆ ಅದಕ್ಕೆ ಹೊಂದುವ ಟಾಪ್ ಕೋಟು ಇಲ್ಲದಿದ್ದರೆ, ಶೀಟು ಸೋರಿ ನೀರು ಇಳಿಯುತ್ತಿದ್ದರೆ, ಕೆಲವು ಮಳೆಗಾಲದಲ್ಲಿ ಅದರ ಗುಣ ಹೋಗುತ್ತದೆ. ನೋಡಲು ಬಣ್ಣ ಹಾಗೇ ಇರುತ್ತದೆ. ಬಳಿದು ಏಳು ವರ್ಷವಾದ ಮೇಲೂ ಹಳೇ ಸರ್ಟಿಫಿಕೇಟ್ ತೋರಿಸುವುದು ಸರಿಯಲ್ಲ.

ಬಣ್ಣದ್ದು ನನ್ನ ಕೆಲಸ, ಹಾಗಾಗಿ ಅದನ್ನು ಉದ್ದಕ್ಕೆ ಹೇಳಿದೆ. ಬೇರೆ ಸಾಮಾನಿನ ಕತೆಯೂ ಹೀಗೇ ಇದೆ. ಆಚಾರಿಗಳು ‘ಸೆವೆನ್ ಟೆನ್ ಪ್ಲೈ ಹಾಕಿದ್ದೇವೆ, ಧೈರ್ಯವಾಗಿರಿ’ ಎನ್ನುತ್ತಾರೆ. ಐಎಸ್ ಅಂದರೆ ನಮ್ಮ ದೇಶದ ಮಾನಕ, ಇಂಡಿಯನ್ ಸ್ಟ್ಯಾಂಡರ್ಡ್. ಐಎಸ್ 710 ಎಂಬುದು ಮೆರೈನ್ ಪ್ಲೈವುಡ್, ಅದು ನೀರಿಗೆ. ಬೆಂಕಿಗೆ ಬೇರೆಯೇ ಐಎಸ್ 5509 ಎಂದು ಇದೆ. ಪಿವಿಸಿ ಸೀಲಿಂಗ್ ಮಾರುವವರು ಲೈಟರ್ ಹಿಡಿದು ತೋರಿಸುತ್ತಾರೆ. ಲೈಟರ್ ತೆಗೆದರೆ ಬೆಂಕಿ ಆರುತ್ತದೆ, ನಿಜ. ಆದರೆ ಕೋಣೆಗೇ ಬೆಂಕಿ ಬಿದ್ದಾಗ ಲೈಟರ್ ತೆಗೆಯುವವರು ಯಾರೂ ಇರುವುದಿಲ್ಲ. ಪಿವಿಸಿ 80 ಡಿಗ್ರಿ ಹೊತ್ತಿಗೇ ಮೆತ್ತಗಾಗುತ್ತದೆ, ಉರಿದರೆ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ಆ ಅಜ್ಜಿಯ ಗಂಟಲು, ಶ್ವಾಸ ಹಿಡಿದದ್ದರಲ್ಲಿ ಅದರ ಪಾಲು ಇಲ್ಲ ಎಂದು ನನಗೆ ಅನ್ನಿಸುವುದಿಲ್ಲ. ಅದೇ ಜಿಪ್ಸಮ್ ಬೋರ್ಡ್ ಆದರೆ ಅದರ ತೂಕದ ಐದನೇ ಒಂದು ಪಾಲು ನೀರೇ, ಕಲ್ಲಿನ ಒಳಗೆ ಕಟ್ಟಿಕೊಂಡ ನೀರು. ಬಿಸಿಗೆ ಆ ನೀರು ಆವಿಯಾಗಿ ಹೋಗುವ ತನಕ ಆಚೆ ಬದಿ ಜಾಸ್ತಿ ಕಾಯುವುದಿಲ್ಲ. ಆದರೆ ಅದಕ್ಕೂ ಸುಮ್ನೆ ಒಂದು ಗಂಟೆ ಸಿಗುವುದಿಲ್ಲ. ಬೋರ್ಡಿನ ದಪ್ಪ, ಹಿಂದಿನ ಫ್ರೇಮ್, ಸ್ಕ್ರೂ, ಸಂದಿಗೆ ತುಂಬಿದ ಸಾಮಾನು ಎಲ್ಲ ಸೇರಿ ಪರೀಕ್ಷೆಯಾಗಿರುತ್ತದೆ. ಫೈರ್ ಡೋರ್ ಕೂಡ ಹಾಗೆ, ಚೌಕಟ್ಟು ಬೇರೆ ಹಾಕಿ ಹಿಂಜ್ ಬೇರೆ ಹಾಕಿದರೆ ಬಾಗಿಲಿನ ಮೇಲೆ ಇಷ್ಟು ಹೊತ್ತು ನಿಲ್ಲುತ್ತದೆ ಎಂದು ಬರೆದ ಪ್ಲೇಟಿಗೆ ಬೆಲೆ ಇಲ್ಲ.

ಸರ್ಟಿಫಿಕೇಟುಗಳು ಒಂದೊಂದು ದೇಶದ ಲೆಕ್ಕದಲ್ಲಿ ಬರುತ್ತವೆ, ಅದು ಇನ್ನೊಂದು ತಲೆನೋವು. ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆ 2016, ಅದರ ನಾಲ್ಕನೇ ಭಾಗ ಬೆಂಕಿಗೆ. ಅದರಲ್ಲಿ ಜ್ವಾಲೆ ಹರಡುವುದಕ್ಕೆ 1ರಿಂದ 4ರ ತನಕ ದರ್ಜೆ, 1 ಒಳ್ಳೆಯದು, 4 ಬೇಗ ಹಬ್ಬುವುದು. ಈ 4ನೇ ದರ್ಜೆಯದ್ದನ್ನು ಅಡಿಗೆ ಕೋಣೆ, ಮೆಟ್ಟಿಲು, ಓಡಾಡುವ ದಾರಿಯಲ್ಲಿ ಹಾಕಬಾರದು. ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಪರೀಕ್ಷೆಗೆ ಐಎಸ್ 3809. ಯುರೋಪಿನವರದ್ದು ಎ1, ಎ2, ಬಿ, ಸಿ ಎಂದು ಎಫ್ ತನಕ ಹೋಗುತ್ತದೆ. ಜೊತೆಗೆ ಹೊಗೆಗೆ ಎಸ್1ರಿಂದ ಎಸ್3, ಉರಿಯುವ ಹನಿಗೆ ಡಿ0ಯಿಂದ ಡಿ2. ನಮ್ಮ ಸ್ಟೇಜಿನಲ್ಲಿ ಬಿದ್ದವಲ್ಲ, ಅಂಥ ಹನಿಗೇ ಅವರು ಬೇರೆ ಅಂಕ ಇಟ್ಟಿದ್ದಾರೆ. ಅಮೆರಿಕದ ‘ಕ್ಲಾಸ್ ಎ’ ಅಂದರೆ ಸುರಂಗದಂಥ ಪೆಟ್ಟಿಗೆಯಲ್ಲಿ 10 ನಿಮಿಷ ಪರೀಕ್ಷೆ ಮಾಡಿ 25ರ ಒಳಗೆ ಅಂಕ ಬಂದದ್ದು. ಅದು ಯುರೋಪಿನ ‘ಎ’ ಅಲ್ಲ. ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ಎ, ಬಿ, ಸಿ ಮತ್ತೆ ಬೇರೆ, ಅದು ಯಾವ ಬಗೆಯ ಬೆಂಕಿಗೆ ಆ ಸಿಲಿಂಡರ್ ಎಂದು ಹೇಳುವುದು. ಅಕ್ಷರ ಒಂದೇ ಇದ್ದರೆ ಮೋಸ ಹೋಗಬೇಡಿ.

‘ಇಷ್ಟೆಲ್ಲ ನಮ್ಮ ಊರಿಗೆ ಯಾಕೆ’ ಎಂದು ಕೇಳುವವರಿಗೆ ಎರಡು ಜಾಗ ನೆನಪಿಸುತ್ತೇನೆ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬವಾಲಿಯಲ್ಲಿ ಶಾಲೆಯ ವಾರ್ಷಿಕೋತ್ಸವದ ಶಾಮಿಯಾನಕ್ಕೆ ಬೆಂಕಿ ಬಿದ್ದು ನಾನೂರಕ್ಕೂ ಜಾಸ್ತಿ ಜನ ಹೋದರು, ಮಕ್ಕಳೇ ಹೆಚ್ಚು. ಮೇಲಿನ ಸಿಂಥೆಟಿಕ್ ಬಟ್ಟೆ ಉರಿದು ತಲೆಯ ಮೇಲೆ ಬಿತ್ತು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಸೋಗೆಯ ಮಾಡು ಹೊತ್ತಿ 94 ಮಕ್ಕಳು ಹೋದರು. ಎರಡೂ ದೊಡ್ಡ ನಗರ ಅಲ್ಲ, ನಮ್ಮಂಥವೇ ಊರು. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರ ಜೂನ್ 14ರಂದು 72 ಜನ ಸತ್ತರು. ಅಲ್ಲಿ ಬೆಂಕಿಯನ್ನು ಮೇಲಕ್ಕೆ ಕೊಂಡುಹೋದದ್ದು ಹೊರಗೆ ಚಂದಕ್ಕೆ ಹಾಕಿದ ಅಲ್ಯುಮಿನಿಯಂ ಹಾಳೆ, ಅದರ ನಡುವೆ ಪಾಲಿಥೀನ್. ಅದೇ ಜಾತಿಯ ಎಸಿಪಿ ಶೀಟನ್ನು ಈಗ ನಮ್ಮ ಪೇಟೆಗಳ ಅಂಗಡಿ ಮುಂಗಟ್ಟಿಗೂ ಹಾಕುತ್ತಿದ್ದೇವೆ, ಒಳಗೆ ಏನಿದೆ ಎಂದು ಕೇಳದೆ.

ನನ್ನ ದೂರು ಇಷ್ಟು. ಕಟ್ಟಡಕ್ಕೆ ನಂಬ್ರ ಸಿಗುವ ಮೊದಲು ಸೆಟ್ ಬ್ಯಾಕ್ ಅಳೆಯುತ್ತಾರೆ, ಶೌಚಾಲಯ ಎಣಿಸುತ್ತಾರೆ, ಬೆಂಕಿ ಆರಿಸುವ ಸಿಲಿಂಡರ್ ಇದೆಯಾ ನೋಡುತ್ತಾರೆ. ಸೀಲಿಂಗ್ ಯಾವುದರದ್ದು, ಟ್ರಸ್‌ಗೆ ಬಳಿದದ್ದು ಏನು, ಎಷ್ಟು ದಪ್ಪ ಎಂದು ನನ್ನ 22 ವರ್ಷದಲ್ಲಿ ಒಬ್ಬರೂ ನನ್ನ ಹತ್ತಿರ ಕೇಳಿಲ್ಲ. ಕೇಳಿದ್ದರೆ ನಾನೂ ಏಳು ವರ್ಷ ಮೊದಲೇ ಕಲಿಯುತ್ತಿದ್ದೆ. ಇನ್ನೊಂದು, ಇದೆಲ್ಲ ಇಂಗ್ಲಿಷಿನಲ್ಲಿ ಬರುತ್ತದೆ, ಕಚೇರಿಯ ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ. ನಮ್ಮ ಸಮಿತಿಗಳಲ್ಲಿ ಸಹಿ ಹಾಕುವ ಹಿರಿಯರಲ್ಲಿ ಅರ್ಧಕ್ಕರ್ಧ ಮಂದಿ ಓದುವುದು ಕನ್ನಡ. ಭಾಷಾ ಅಲ್ಪಸಂಖ್ಯಾತರ ಪ್ರದೇಶ ಎಂದು ನಮಗೆ ಕನ್ನಡದಲ್ಲಿ ಕಾಗದ ಪಡೆಯುವ ಹಕ್ಕು ಇದೆ. ಅರ್ಜಿ ಫಾರಂಗೆ ಕನ್ನಡ ಕೇಳಿ ಜಗಳ ಮಾಡಿದ್ದೇವೆ, ಜೀವ ಕಾಯುವ ಮಾಹಿತಿಗೆ ಯಾಕೆ ಕೇಳಿಲ್ಲ ಎಂದು ನನಗೆ ಬೇಸರವಿದೆ.

ಹಾಗಾಗಿ ಪಂಚಾಯತಿನವರಲ್ಲಿ ನನ್ನ ವಿನಂತಿ: ಜನ ಸೇರುವ ಯಾವ ಕಟ್ಟಡಕ್ಕೂ ಲೈಸೆನ್ಸ್ ಕೊಡುವಾಗ, ಹೊಸತು ಮಾಡುವಾಗ, ಸೀಲಿಂಗ್, ಪ್ಯಾನೆಲ್, ಟ್ರಸ್‌ನ ಬಣ್ಣದ ಪರೀಕ್ಷಾ ವರದಿ ಕೇಳಿ. ಡಬ್ಬಿಯ ಕಾಗದ ಅಲ್ಲ, ಪೂರ್ತಿ ವರದಿ. ಅದರಲ್ಲಿ ಪರೀಕ್ಷೆ ಮಾಡಿದ ಲ್ಯಾಬಿನ ಹೆಸರು, ಯಾವ ಐಎಸ್ ನಂಬರ್ ಪ್ರಕಾರ ಪರೀಕ್ಷೆಯಾಯಿತು, ಯಾವುದರ ಮೇಲೆ ಬಳಿದು ಪರೀಕ್ಷಿಸಿದರು, ಎಷ್ಟು ದಪ್ಪ ಇತ್ತು, ಇಷ್ಟು ಇರಬೇಕು. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯಂಥ ಕಡೆ ಈ ಪರೀಕ್ಷೆಗಳು ಆಗುತ್ತವೆ, ಸಿಗದ ಕಾಗದ ಅಲ್ಲ. ಒಂದು ಡಿಎಫ್‌ಟಿ ಮೀಟರ್ ತೆಗೆದು ಓವರ್‌ಸಿಯರ್ ಅವರ ಕೈಗೆ ಕೊಡಿ. ಎರಡು ಪುಟದ ಒಂದು ಕನ್ನಡ ಕೈಪಿಡಿ ಮಾಡಿಸಿ, ಮಲಯಾಳದ ಜೊತೆಗೇ ಹಂಚಿ. ಬರೆಯಲು ಜನ ಸಿಗದಿದ್ದರೆ ನನಗೆ ಗೊತ್ತಿರುವಷ್ಟನ್ನು ಕೂತು ಹೇಳಲು ನಾನು ಸಿದ್ಧ, ಸಂಬಳ ಬೇಡ.

ಸಮಿತಿಯವರಲ್ಲಿ ವಿನಂತಿ: ಬಿಲ್ ಪಾಸು ಮಾಡುವ ಮೊದಲು ಮೀಟರ್ ಇಟ್ಟು ತೋರಿಸಲು ನನ್ನಂಥ ಕಾಂಟ್ರಾಕ್ಟರ್‌ಗೆ ಹೇಳಿ. ಬೇಸರ ಮಾಡಿಕೊಳ್ಳುವವನಿಗೆ ಕೆಲಸ ಕೊಡಬೇಡಿ. ಹಣ ಕಮ್ಮಿ ಇದ್ದರೆ ಎಲ್ಲ ಕಡೆ ಒಂದೊಂದು ಕೋಟು ಬಳಿಸುವ ಬದಲು ಮೊದಲು ಪಿವಿಸಿ ಸೀಲಿಂಗ್ ಇಳಿಸಿ, ಹೊರಗೆ ಹೋಗುವ ದಾರಿಯ ಪ್ಯಾನೆಲ್ ತೆಗೆಸಿ. ಮುರಕಲ್ಲು ಹಾಗೇ ಕಂಡರೆ ಚಂದವೇ ಇರುತ್ತದೆ, ಅದು ಉರಿಯುವುದೂ ಇಲ್ಲ. ಸ್ಟೇಜಿನ ಥರ್ಮೋಕೋಲಿಗೆ, ಯಕ್ಷಗಾನದ ಚೌಕಿಯಲ್ಲಿ ದೇವರ ದೀಪದ ಹತ್ತಿರ ತೂಗುವ ಸಿಂಥೆಟಿಕ್ ಪರದೆಗೆ ಅನುಮತಿ ಕೊಡುವಾಗ ಎರಡು ಸಲ ಯೋಚಿಸಿ. ಎರಡೂ ಕಡೆಯ ಬಾಗಿಲಿನ ಬೀಗ ಕಾರ್ಯಕ್ರಮ ಮುಗಿಯುವ ತನಕ ತೆಗೆದೇ ಇರಲಿ.

ಅದೇ ಸಭಾಂಗಣವನ್ನು ಈಗ ರಿಪೇರಿ ಮಾಡುತ್ತಿದ್ದಾರೆ. ಮೊನ್ನೆ ಹೊಸ ಕೊಟೇಶನ್ ನನ್ನ ಕೈಗೆ ಬಂತು. ಸೀಲಿಂಗ್ ಮತ್ತೆ ಪಿವಿಸಿ, ಟ್ರಸ್‌ಗೆ ‘ಫೈರ್ ಪ್ರೂಫ್ ಪೇಂಟ್, ಎರಡು ಕೋಟು’. ನಾನು ಆ ಸಾಲಿಗೆ ಗೆರೆ ಎಳೆದು, ‘ಎಷ್ಟು ಮೈಕ್ರಾನ್? ಎಷ್ಟು ನಿಮಿಷಕ್ಕೆ? ವರದಿ ಎಲ್ಲಿ?’ ಎಂದು ಕನ್ನಡದಲ್ಲಿ ಬರೆದು ವಾಪಸ್ ಕಳಿಸಿದ್ದೇನೆ. ಮುಂದಿನ ಭಾನುವಾರ ಸಮಿತಿಯ ಮೀಟಿಂಗ್ ಇದೆ. ಉತ್ತರ ಬರದೆ ನಾನು ಬ್ರಷ್ ಎತ್ತುವುದಿಲ್ಲ. ಅಷ್ಟರೊಳಗೆ ಪಂಚಾಯತಿನಿಂದಲೂ ಇದೇ ಮೂರು ಪ್ರಶ್ನೆ ಅವರಿಗೆ ಹೋಗಲಿ ಎಂದು ಕೇಳಿಕೊಳ್ಳುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಪೇಂಟಿಂಗ್ ಕಾಂಟ್ರಾಕ್ಟರ್
ಕಾಸರಗೋಡು ತಾಲೂಕು